ಅಕ್ಕನಿಗೆ ತೋರಿಸಿದ ಟೆರೇಸುಗಳು

ಕಟ್ಟಡಗಳ ಹೊರಗೋಡೆಗೆ ಬಣ್ಣ ಹಚ್ಚುವವನು ಜಗತ್ತನ್ನು ಬೆನ್ನ ಹಿಂದೆ ಇಟ್ಟುಕೊಂಡು ಕೆಲಸ ಮಾಡುತ್ತಾನೆ. ಟೆರೇಸಿನಿಂದ ಇಳಿಬಿಟ್ಟ ಹಗ್ಗ, ಹಗ್ಗಕ್ಕೆ ಕಟ್ಟಿದ ಹಲಗೆ. ಅದಕ್ಕೆ ನಾವು ಝೂಲಾ ಅನ್ನುತ್ತೇವೆ. ಅದರ ಮೇಲೆ ಕೂತವನು ಗೋಡೆ ನೋಡಬೇಕು, ಸಮುದ್ರ ನೋಡಬಾರದು. ಐದನೇ ಇಯತ್ತೆಗೆ ಶಾಲೆ ಬಿಟ್ಟ ನಾನು ಈ ಹಲಗೆಯ ಮೇಲೆ ಕೂತೇ ಯಾರ ಹಂಗಿಗೂ ಬೀಳದೆ ಬದುಕಿದ್ದೇನೆ. ಊಟದ ಹೊತ್ತಿಗೆ ಟೆರೇಸಿನ ಕಟ್ಟೆಗೆ ಒರಗಿ ಸಮುದ್ರ ನೋಡುವಾಗ, ದುಡ್ಡು ಸುರಿದು ಫ್ಲ್ಯಾಟ್ ಕೊಂಡವರಿಗೂ ಇಷ್ಟು ಕಾಣುವುದಿಲ್ಲವೆಂದು ಮನಸ್ಸಿನಲ್ಲೇ ಬೀಗುತ್ತಿದ್ದೆ.

ಆ ನೋಟವನ್ನು ಅಕ್ಕನಿಗೆ ತೋರಿಸಬೇಕೆಂದು ಹೊಳೆದದ್ದು ಮಾತ್ರ ಡಾಕ್ಟರು ಹೇಳಿದ ಮೇಲೆ.

ಅಪ್ಪ ಅವ್ವ ಹೋದ ಮೇಲೆ ವಿಜಯಪುರದ ಕಡೆಯ ನಮ್ಮ ಹಳ್ಳಿಯಿಂದ ನನ್ನನ್ನು ಕೈಹಿಡಿದು ಮುಂಬೈಯ ಕುರ್ಲಾಕ್ಕೆ ತಂದವಳು ಅಕ್ಕ. ಧಾರಾವಿಯಲ್ಲಿ ಹಳೇ ಪ್ಲಾಸ್ಟಿಕ್ ಆರಿಸುವ ಕೆಲಸ ಮಾಡಿ ಸಾಕಿದಳು. ತನ್ನ ಮದುವೆಯ ಮಾತೆತ್ತಿದವರ ಬಾಯಿ ಮುಚ್ಚಿಸಿದಳು. ಇಷ್ಟು ವರ್ಷ ಮುಂಬೈಯಲ್ಲಿದ್ದೂ ಅವಳು ಕಂಡದ್ದು ಆ ಎರಡು ಜಾಗ, ನಡುವಿನ ದಾರಿ, ಅಷ್ಟೇ. ಒಂದು ದಿನ ಸ್ಟೇಷನ್ನಿನ ಮೆಟ್ಟಿಲ ಮೇಲೆ ಎಡವಿ ಬಿದ್ದಳು. ಸರ್ಕಾರಿ ಆಸ್ಪತ್ರೆಯ ಡಾಕ್ಟರು, ಕಣ್ಣಿನೊಳಗಿನ ಒತ್ತಡ ನರವನ್ನು ತಿಂದುಬಿಟ್ಟಿದೆ, ಹೋದ ದೃಷ್ಟಿ ಬರುವುದಿಲ್ಲ, ಉಳಿದದ್ದೂ ಬಹಳ ದಿನ ನಿಲ್ಲಲಿಕ್ಕಿಲ್ಲ ಎಂದರು. ಸುತ್ತ ಎಲ್ಲ ಕತ್ತಲಾಗಿ, ಪೈಪಿನೊಳಗಿಂದ ನೋಡಿದಷ್ಟು ಮಾತ್ರ ನಡುವೆ ಉಳಿದಿತ್ತು.

ಕಾಶಿ, ಕಾಶ್ಮೀರ ತೋರಿಸುವ ತಾಕತ್ತು ನನಗಿರಲಿಲ್ಲ. ಓಣಿಯಲ್ಲಿ ಯಾವುದೋ ಪಾರ್ಟಿಯವರು ಪುಕ್ಕಟೆ ಯಾತ್ರೆಯ ಬಸ್ಸಿಗೆ ಹೆಸರು ಬರೆದುಕೊಳ್ಳುತ್ತಿದ್ದರು, ನಾನು ಬರೆಸಲಿಲ್ಲ. ನನ್ನ ಬಳಿ ಟೆರೇಸುಗಳಿದ್ದವು.

ಮೊದಲು ಕರೆದೊಯ್ದದ್ದು ದಾದರಿನ ಬಿಲ್ಡಿಂಗಿಗೆ. ಅಲ್ಲಿ ನಮ್ಮ ಹಗ್ಗಗಳು ಇನ್ನೂ ಇಳಿಬಿದ್ದಿದ್ದವು, ಭಾನುವಾರ, ಕೆಲಸವಿರಲಿಲ್ಲ. ಯಾರನ್ನೂ ಏನೂ ಕೇಳಿ ಅಭ್ಯಾಸವಿಲ್ಲದ ನಾನು ವಾಚ್‌ಮನ್ ಎದುರು ನಿಂತು ಮಾತು ಹುಡುಕುತ್ತಿದ್ದೆ. ಅವನು ಕಲಬುರಗಿ ಕಡೆಯವನು, ತಾನೇ ಮಾತು ತೆಗೆದ.

“ಏನ್ರಿ ಅಕ್ಕಾರ, ಫ್ಲ್ಯಾಟ್ ನೋಡ್ಲಾಕ ಬಂದೀರೇನು?”

“ಹೂಂನಪಾ. ಲಿಫ್ಟ್ ಬಂದ್ ಇತ್ತಂದ್ರ ನಿನ್ನ ಪಗಾರ ಕಟ್,” ಅಂದಳು ಅಕ್ಕ.

ಮೇಲೆ ಹೋದಾಗ ಗಾಳಿ ಜೋರಿತ್ತು. “ಎತ್ತರ ಐತಿ, ಕೈ ಬಿಡಬ್ಯಾಡ,” ಅಂದೆ.

“ಗೋಳಗುಮ್ಮಟದ ಕಡೆಯಾಕಿ ನಾ. ಎತ್ತರ ನನಗ ಹೊಸಾದೇನು?”

ಗೋಳಗುಮ್ಮಟವನ್ನು ನಾವಿಬ್ಬರೂ ಬಸ್ಸಿನ ಕಿಟಕಿಯಿಂದ ಮಾತ್ರ ನೋಡಿದವರು.

ಅವಳ ಭುಜ ಹಿಡಿದು ಸಮುದ್ರದ ಕಡೆಗೆ ತಿರುಗಿಸಿ ನಿಲ್ಲಿಸಿದೆ. ತುಸು ಹೊತ್ತು ಕತ್ತು ಅತ್ತಿತ್ತ ಆಡಿಸಿದಳು. ಏನೂ ಕಾಣಲಿಲ್ಲವೇನೋ ಅಂದುಕೊಂಡೆ. ಆಮೇಲೆ ಅಂದಳು: “ಹಡಗ ಐತಲ್ಲೋ ಅಲ್ಲಿ. ಇಡೀ ಹಡಗ!”

ಆ ‘ಇಡೀ’ ನನಗೆ ತಡವಾಗಿ ಅರ್ಥವಾಯಿತು. ಮನೆಯಲ್ಲಿ ಅವಳಿಗೆ ಯಾವುದೂ ಇಡಿಯಾಗಿ ಕಾಣುತ್ತಿರಲಿಲ್ಲ. ತಟ್ಟೆಯ ಅಂಚು ಕಂಡರೆ ರೊಟ್ಟಿ ಇಲ್ಲ. ನಮ್ಮ ಸಣ್ಣ ಖೋಲಿಯಲ್ಲಿ ಎದುರು ಕೂತ ನಾನು ಅವಳ ಪಾಲಿಗೆ ಒಂದು ಮೂಗು, ಇಲ್ಲವೇ ಒಂದು ಕಿವಿ. ದೂರದ್ದು ಮಾತ್ರ ಆ ಪೈಪಿನೊಳಗೆ ಪೂರ್ತಿ ಹಿಡಿಯುತ್ತಿತ್ತು.

“ನೀನೂ ಅತ್ತಾಗ ಹೋಗಿ ನಿಂದ್ರು,” ಅಂದಳು.

ನೀರಿನ ಟಾಕಿಯ ತನಕ ಹೋಗಿ ನಿಂತೆ.

“ಹಾಂ, ಈಗ ಕಂಡಿ ನೋಡು, ತಲಿಯಿಂದ ಕಾಲಿನ ತನಕ. ಎಷ್ಟ್ ಸೊರಗೀಯೋ! ಅಂಗಿ ಗುಂಡಿ ಮ್ಯಾಲ ಕೆಳಗ ಹಾಕೀದಿ, ದೊಡ್ಡ ಮನಷ್ಯಾ.”

ಆಮೇಲೆ ನಾನು ಬಣ್ಣ ಹಚ್ಚಿದ ಬಿಲ್ಡಿಂಗುಗಳನ್ನೆಲ್ಲ ನೆನಪು ಮಾಡಿಕೊಂಡು ಹೋದೆವು. ಒಂದರಿಂದ ವಿಮಾನ ಇಳಿಯುವುದನ್ನು ನೋಡಿದಳು. ಇನ್ನೊಂದರಿಂದ ಉಪ್ಪಿನ ಗದ್ದೆಗಳನ್ನು. ಕುರ್ಲಾದ ಒಂದು ಟೆರೇಸಿನಿಂದ, ತಾನು ಜೀವನವೆಲ್ಲ ಒಳಗೇ ಒತ್ತಿಕೊಂಡು ನಿಂತು ಓಡಾಡಿದ ಲೋಕಲ್ ಗಾಡಿಯನ್ನು ಮೊದಲ ಸಲ ತುದಿಯಿಂದ ತುದಿಗೆ ನೋಡಿ ನಕ್ಕಳು. “ಜರಿಹುಳದಂಗ ಐತಲ್ಲೋ! ಇದರಾಗ ಅಷ್ಟ್ ಮಂದಿ ಹ್ಯಾಂಗ ಹಿಡೀತೀವೋ?” ಪ್ರತಿ ಸಲ ಇಳಿಯುವ ಮುಂಚೆ ನನ್ನನ್ನು ದೂರ ನಿಲ್ಲಿಸಿ ನೋಡುತ್ತಿದ್ದಳು. ಪ್ರತಿ ಸಲವೂ ನಾನು ಇನ್ನಷ್ಟು ದೂರ ಹೋಗಬೇಕಾಗುತ್ತಿತ್ತು.

ಮಳೆಗಾಲ ಹತ್ತಿರ ಬಂದಾಗ ದಾದರಿನ ಕೆಲಸ ಮುಗಿಯುವುದರಲ್ಲಿತ್ತು. ಮತ್ತೆ ಅಲ್ಲಿಗೇ ಹೋದೆವು. ಅವಳು ಹಡಗು ಕೇಳಲಿಲ್ಲ.

“ಹಿಂದ ಸರಿ,” ಅಂದಳು. ಟಾಕಿಯ ತನಕ ಸರಿದೆ.

“ಇನ್ನೊಂದೀಟು.”

ಟಾಕಿ ದಾಟಿದೆ.

“ಇನ್ನೊಂದೀಟು ಹೋಗೋ ತಮ್ಮಾ.”

ಬೆನ್ನಿಗೆ ಕಟ್ಟೆ ತಾಗಿತು. ಅದರಾಚೆ ನಮ್ಮ ಹಗ್ಗಗಳು ಗಾಳಿಗೆ ಗೋಡೆಯನ್ನು ಬಡಿಯುತ್ತಿದ್ದವು. ಇನ್ನು ಹೋಗಲು ಜಾಗವಿರಲಿಲ್ಲ, ಕಟ್ಟೆಗೆ ಒತ್ತಿಕೊಂಡು ನಿಂತೆ. ಅವಳ ಕತ್ತು ಮೆಲ್ಲಗೆ ಆಡಿತು, ನಿಂತಿತು.

“ಹಾಂ, ಕಂಡಿ,” ಎಂದು ಕೂಗಿದಳು. “ಇವತ್ತ ಗುಂಡಿ ಸರಿ ಹಾಕೀದಿ.”

ಅವತ್ತು ನಾನು ತೊಟ್ಟದ್ದು ಗುಂಡಿಯಿಲ್ಲದ ಟೀ ಶರ್ಟು.

“ಹೂಂ ಅಕ್ಕ, ಹಾಕ್ಕೊಂಡೀನಿ,” ಅಂದೆ. ಅವಳ ಕೈ ಹಿಡಿಯಲು ಅಷ್ಟು ದೂರವನ್ನೂ ನಡೆದು ಬಂದೆ.