ಎರಡು ವಿಂಡೋಗಳಿಗೂ ಒಂದೇ ದೇವರ ಹೆಸರು

ಮೊನ್ನೆ ಚಾಮರಾಜನಗರದ ಕಚೇರಿಯೊಂದರಲ್ಲಿ ಪಹಣಿಗೆಂದು ನಿಂತಿದ್ದೆ. ಆಯುಧಪೂಜೆ ಕಳೆದು ಎರಡು ದಿನವಾಗಿತ್ತು. ಬಿಸಿಯಾದ ಕಂಪ್ಯೂಟರಿನ ಮೇಲೆ ಚೆಂಡುಹೂ ಬಾಡುವ ವಾಸನೆ ಮೂಗಿಗೆ ಬಡಿಯಿತು. ಸರದಿ ಬಿಟ್ಟು ಬೆಂಚಿನ ಮೇಲೆ ಕುಳಿತುಬಿಟ್ಟೆ. ಗುಂಡ್ಲುಪೇಟೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಕ್ಕ ನೆನಪಾದರು...

ಅಕ್ಕನ ಯಜಮಾನರು ತೀರಿಕೊಂಡಿದ್ದರು. ಮೈಸೂರಿನ ಕಂಪನಿಯೊಂದರ ಕಂಪ್ಯೂಟರುಗಳನ್ನು ಮನೆಯಿಂದಲೇ ನೋಡಿಕೊಳ್ಳುವ ಕೆಲಸವೊಂದೇ ಅವರಿಗೆ ಆಧಾರ. ಪರದೆಯ ಮೇಲೆ ಸದಾ ಎರಡು ಕಪ್ಪು ವಿಂಡೋ ತೆರೆದಿರುತ್ತಿದ್ದವು. ಒಂದು ಕಂಪನಿಯ ಅಸಲಿ ದಾಖಲೆಯದು, ಇನ್ನೊಂದು ಪರೀಕ್ಷೆ ಮಾಡಿ ನೋಡಲು ಇಟ್ಟುಕೊಂಡ ನಕಲಿನದು. ನೋಡಲು ಎರಡೂ ಒಂದೇ. ಮೇಲಿನ ಪಟ್ಟಿಯಲ್ಲಿ ಕಾಣುವ ಹೆಸರೇ ಗುರುತು. ಪಾತ್ರೆ ತೊಳೆದು ಮುಗಿಸಿ ಮಧ್ಯಾಹ್ನ ನಾನು ಅವರ ಹತ್ತಿರ ಕಲಿಯಲು ಹೋಗುತ್ತಿದ್ದೆ. ಆ ಹೆಸರನ್ನು ನಾವೇ ಬರೆಯಬಹುದು, ಆದರೆ ಮೈಸೂರಿನ ಕಡೆಯ ಕಂಪ್ಯೂಟರು ಅದನ್ನು ತೆಗೆದು ತನ್ನ ಹೆಸರು ಹಾಕಿಕೊಳ್ಳುತ್ತದೆ, ಹಾಗಾಗದಿರಲು ಸೆಟ್ಟಿಂಗಿನಲ್ಲಿ ಒಂದು ಟಿಕ್ ಹಾಕಬೇಕು ಎಂದು ಅವರೇ ತೋರಿಸಿಕೊಟ್ಟಿದ್ದರು.

ಆ ವರ್ಷದ ಆಯುಧಪೂಜೆಗೆ, "ನಂಗೆ ಒಲೆ ಮುಂದಿನ ಕೆಲ್ಸ ಅದೆ, ಮಿಷಿನ್ಗೆ ನೀನೇ ಪೂಜೆ ಮಾಡ್ಬುಡು ಕಣಮ್ಮಿ" ಎಂದರು. ವಿಭೂತಿ ಬಳಿದೆ, ಹೂ ಇಟ್ಟೆ. ಸಾಮಾನಿನ ಚೀಟಿಯನ್ನೂ ನೆತ್ತಿಯಲ್ಲಿ ದೇವರ ಹೆಸರು ಬರೆಯದೆ ಶುರುಮಾಡಿದವಳಲ್ಲ ನಾನು. ಎರಡೂ ವಿಂಡೋಗಳಿಗೆ ಇಂಗ್ಲಿಷ್ ಅಕ್ಷರದಲ್ಲಿ ನಮ್ಮ ಮಾದಪ್ಪನ ಹೆಸರು, ಶ್ರೀ ಮಹದೇಶ್ವರ ಎಂದು ಬರೆದು, ಅಳಿಸಿಹೋಗದಂತೆ ಟಿಕ್ಕನ್ನೂ ಹಾಕಿದೆ.

ಅಕ್ಕ ಬಂದು ನೋಡಿ ನಕ್ಕರು. "ಓ, ಮಾದಪ್ಪನ್ನೂ ಕೆಲ್ಸಕ್ಕೆ ಸೇರಿಸ್ಬುಟ್ಟಾ? ಪಾಸ್‌ವರ್ಡ್ ಕೊಟ್ಯಾ ಅವನ್ಗೆ?" ಆಮೇಲೆ ನಗು ನಿಲ್ಲಿಸಿ, "ಯಾವ್ದು ಯಾವ್ದು ಅಂತ ಗುರ್ತು ಸಿಕ್ಕಲ್ಲ ಕಣಮ್ಮಿ, ತೆಗ್ದುಬುಡ್ತೀನಿ" ಎಂದರು.

"ಹಬ್ಬದ್ ದಿನ ದೇವ್ರೆಸ್ರು ಅಳಿಸ್ಬ್ಯಾಡಿ ಅಕ್ಕ. ಮಾದಪ್ಪ ಕಾಯ್ತಾನೆ" ಎಂದೆ.

ನನ್ನ ಮುಖ ನೋಡಿದರು. "ಆಗ್ಲಿ ಬುಡು" ಎಂದು ಕೈ ಹಿಂದೆ ತೆಗೆದರು.

ಮಾರನೆಯ ದಿನವೇ, ಆ ಹೆಸರುಗಳು ಇನ್ನೂ ಹಾಗೇ ಇರುವಾಗ, ತುರ್ತು ಕೆಲಸ ಬಂತು. ನಕಲನ್ನು ಅಳಿಸುತ್ತಿದ್ದೇನೆ ಎಂದುಕೊಂಡು ಅಕ್ಕ ಅಸಲಿಯನ್ನೇ ಅಳಿಸಿಬಿಟ್ಟರು... ಕಂಪನಿಯವರ ಫೋನು ಬಂದಾಗ ನಾನು ಬಾಗಿಲಲ್ಲಿ ನಿಂತಿದ್ದೆ. "ಯಾರ್ದೂ ಇಲ್ಲ ಸಾರ್, ನಂದೇ ತಪ್ಪು" ಎಂದರು. ನಾನು ಬಾಯಿ ಬಿಡಲಿಲ್ಲ.

ಕೆಲಸ ಹೋಯಿತು. ತಿಂಗಳೊಳಗೆ ಮನೆ ಖಾಲಿ ಮಾಡಿ ಹರವೆಯ ಅಣ್ಣನ ಮನೆ ಸೇರಿದರು. ಅಲ್ಲಿ ಊಟಕ್ಕೆ ಕೊರತೆಯಾಗಲಿಲ್ಲವಂತೆ. ಅಷ್ಟನ್ನಾದರೂ ದೇವರು ನಡೆಸಿಕೊಟ್ಟ. ಹೋಗುವಾಗ ಅಕ್ಕ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅದೂ ದೇವರ ದಯೆಯೇ ಎಂದು ಆಗ ಎಣಿಸಿಕೊಂಡಿದ್ದೆ. ಬೈದಿದ್ದರೆ ಅವತ್ತೇ ಒಪ್ಪಿಕೊಂಡುಬಿಡುತ್ತಿದ್ದೆನೇನೋ...

ಹೋದ ವರ್ಷ ಬೇಗೂರಿನ ಬಸ್ಸಿನಲ್ಲಿ ಅವರ ಅತ್ತಿಗೆ ಸಿಕ್ಕಿ, ಅಕ್ಕ ತೀರಿಕೊಂಡು ಮೂರು ತಿಂಗಳಾಯಿತೆಂದರು. ಈಗ ದಿನವೂ ದೀಪ ಹಚ್ಚಿ, ತಪ್ಪು ನನ್ನದು ಎಂದು ದೇವರಿಗೆ ಹೇಳುತ್ತೇನೆ. ಅವನಿಗೆ ಮೊದಲೇ ಗೊತ್ತಿತ್ತು, ಹೇಳಬೇಕಾದ್ದೇ ಇರಲಿಲ್ಲ. ಹೇಳಬೇಕಾಗಿದ್ದವರು ಆರು ವರ್ಷ ಹರವೆಯಲ್ಲೇ ಇದ್ದರು, ಒಂದು ಬಸ್ಸಿನ ದೂರದಲ್ಲಿ.