ಹೆಂಡತಿ ತುದಿಯಲ್ಲಿ, ಗಾಯೋಜ್ ಬುಡದಲ್ಲಿ

ಬೆಟ್ಟದ ಸೀಮೆ ರಾಚಾದವರು ನಿಧಾನಸ್ಥರು ಎಂದು ಜಾರ್ಜಿಯಾದ ಉಳಿದವರೆಲ್ಲ ಆಡಿಕೊಂಡು ನಗುತ್ತಾರೆ. ಮನೆಗೆ ಬೆಂಕಿ ಬಿದ್ದರೂ ರಾಚಾದವನು ಊಟ ಮುಗಿಸಿ, ಕೈ ತೊಳೆದು, ಆಮೇಲೆ ನೀರಿಗೆ ಹೋಗುತ್ತಾನಂತೆ. ನೆಲದ ಮೇಲಿರುವಾಗ ಗಾಯೋಜ್ ಕೂಡ ಅಂಥವನೇ. ಕೊಟ್ಟಿಗೆಯಿಂದ ಅಂಗಳಕ್ಕೆ ಬರುವುದರೊಳಗೆ ಎರಡು ಕಡೆ ನಿಂತು ಯೋಚನೆ ಮಾಡುತ್ತಿದ್ದ. ಫರ್ ಮರದ ಕಾಂಡಕ್ಕೆ ಕೈ ತಾಗಿತೆಂದರೆ ಮಾತ್ರ ಅವನು ಬೇರೆಯೇ ಮನುಷ್ಯ. ನೋಡುವವರು ತಲೆಯೆತ್ತುವಷ್ಟರಲ್ಲಿ ಅರ್ಧ ಮರ ದಾಟಿರುತ್ತಿದ್ದ.

ಊರಿನ ಮೇಲಿನ ಕಾಡಿನ ಫರ್ ಮರಗಳು ಇಗರ್ಜಿಯ ಗೋಪುರಕ್ಕಿಂತ ಎಷ್ಟೋ ಎತ್ತರ. ಕಾಯಿ ಬಿಡುವುದು ತುತ್ತತುದಿಯಲ್ಲಿ, ಮೇಣದಬತ್ತಿ ನಿಲ್ಲಿಸಿದ ಹಾಗೆ ನೆಟ್ಟಗೆ. ಸೆಪ್ಟೆಂಬರಿನಲ್ಲಿ ಇನ್ನೂ ಹಸಿರಾಗಿರುವಾಗಲೇ ಕೀಳಬೇಕು. ತಡವಾದರೆ ಕಾಯಿ ಮರದ ಮೇಲೆಯೇ ಬಿರಿದು ಬೀಜವೆಲ್ಲ ಗಾಳಿಪಾಲು. ಬೀಜ ಡೆನ್ಮಾರ್ಕಿಗೆ ಹೋಗುತ್ತದೆ, ಅಲ್ಲಿನ ಹೊಲಗಳಲ್ಲಿ ಕ್ರಿಸ್‌ಮಸ್ ಗಿಡವಾಗುತ್ತದೆ. ಗಾಯೋಜ್‌ನ ಅಪ್ಪ ಬರಿಗೈಯಲ್ಲಿ ಹತ್ತುತ್ತಿದ್ದ, ಗಾಯೋಜ್ ಕೂಡ ಹಾಗೆಯೇ ಹತ್ತಿದ. ಸುಗ್ಗಿ ಮುಗಿದ ಮೇಲೆ ನಡೆಯುವ ಊಟದಲ್ಲಿ ಮುದುಕ ಕೊತ್ಸಿಯಾ ಪಂಕ್ತಿಯ ಹಿರಿಯನಾಗಿ ಲೋಟ ಎತ್ತಿ, "ಮೇಲೆ ಹೋಗಿ ಕೆಳಗೆ ಬಂದವನಿಗೆ" ಎಂದು ಹಾರೈಸಿದಾಗ ಎಲ್ಲರೂ ಗಾಯೋಜ್‌ನ ಕಡೆ ತಿರುಗುತ್ತಿದ್ದರು. ವರ್ಷವಿಡೀ ಅವನು ಕಾಯುತ್ತಿದ್ದುದು ಆ ಒಂದು ಗಳಿಗೆಗೆ.

ಒಂದು ವರ್ಷ ಅವನ ಚಿಕ್ಕಪ್ಪನ ಮಗ ಉಶಾಂಗಿ ಮೇಲೆ ಹೋದವನು ಬಿದ್ದುಬಿಟ್ಟ. ಜೀವ ಉಳಿಯಿತು, ಸೊಂಟದ ಕೆಳಗೆ ಸ್ವಾಧೀನ ಉಳಿಯಲಿಲ್ಲ. ಕಾಯಿ ಕೊಳ್ಳುವವರು ಮರುವರ್ಷವೇ ಕಡ್ಡಾಯ ಮಾಡಿದರು: ಹಗ್ಗ, ಸೊಂಟಪಟ್ಟಿ, ತಲೆಗೆ ಗಟ್ಟಿ ಟೊಪ್ಪಿ ಇಲ್ಲದೆ ಯಾರೂ ಹತ್ತಕೂಡದು, ತರಬೇತಿ ಇಲ್ಲದವನು ಮರ ಮುಟ್ಟಕೂಡದು. ಕಲಿಸಲು ಪಕ್ಕದ ಸೀಮೆ ಸ್ವಾನೇತಿಯಿಂದ ಚಿಚಿಕೊ ಎಂಬ ಬೆಟ್ಟ ಹತ್ತುವವನನ್ನು ಕರೆಸಿದರು.

"ನನಗೆ ಹಗ್ಗ ಕಟ್ತಾರಂತೆ," ಎಂದ ಗಾಯೋಜ್. "ನಾನೇನು ಮೇಯೋಕೆ ಬಿಟ್ಟ ಹಸುವಾ?"

"ಹಸುವಿಗೆ ಬುದ್ಧಿ ಇದೆ, ಅದು ಮರ ಹತ್ತಲ್ಲ," ಎಂದಳು ಹೆಂಡತಿ ಮಾಕ್ವಾಲಾ. ಅವಳು ಬೀನ್ಸ್ ಕಾಳಿನ ಹೂರಣ ತುಂಬಿ ರೊಟ್ಟಿ ತಟ್ಟುತ್ತಿದ್ದಳು. "ಉಶಾಂಗಿ ಹೆಂಡ್ತಿ ಅವನನ್ನ ಹಾಸಿಗೇಲಿ ಹೊರಳಿಸೋದು ನೋಡಿ ಬಂದೆ. ನಮ್ಮಿಬ್ಬರಲ್ಲಿ ಒಬ್ಬರಾದರೂ ಹಗ್ಗ ಕಟ್ಟೋದು ಕಲೀಬೇಕು. ನೀನಂತೂ ಕಲಿಯೋನಲ್ಲ."

ಮಾರನೆಯ ದಿನ ಅವಳೇ ಹೋದಳು. ಗಾಯೋಜ್ ಅದನ್ನು ತಮಾಷೆ ಎಂದುಕೊಂಡ. ಶಾಲೆಯ ಬಯಲಿನ ಮರದಲ್ಲಿ ನಡೆದ ತರಬೇತಿಯನ್ನು ಬೇಲಿಯ ಆಚೆ ನಿಂತು ನೋಡಿದ. ಗಂಡಸರು ಹಗ್ಗದಲ್ಲಿ ಕಾಲು ಸಿಕ್ಕಿಸಿಕೊಂಡು ಬಯ್ದುಕೊಳ್ಳುತ್ತಿದ್ದರೆ ಮಾಕ್ವಾಲಾ ಒಂದೊಂದು ಕೊಕ್ಕೆಯನ್ನೂ ಎಳೆದು ನೋಡಿ, ಜಾಣ ಹೆಂಗಸು ಸೂಜಿಗೆ ದಾರ ಪೋಣಿಸುವಂತೆ ಹಗ್ಗ ಪೋಣಿಸಿ, ಸದ್ದಿಲ್ಲದೆ ಮೇಲೆ ಹೋದಳು. ಚಿಚಿಕೊ ಕೆಳಗಿನಿಂದ "ನೋಡ್ರಯ್ಯಾ, ಹಿಂಗೆ" ಎಂದ. ಆ ಎರಡು ಮಾತು ಗಾಯೋಜ್‌ನ ಎದೆಯಲ್ಲಿ ಮೀನಿನ ಮುಳ್ಳಿನಂತೆ ಅಡ್ಡ ಸಿಕ್ಕಿಕೊಂಡವು. ಮೊದಲು ಅವನಿಗೆ ಚಿಚಿಕೊನ ಮೇಲೆ ಸಂಶಯ ಬಂತು. ಒಂದೆರಡು ದಿನ ನೋಡಿದ ಮೇಲೆ, ಆ ಸ್ವಾನೇತಿಯವನು ಗಂಟುಗಳನ್ನು ಬಿಟ್ಟು ಬೇರೇನನ್ನೂ ನೋಡುವವನಲ್ಲ ಎಂದು ತಿಳಿಯಿತು. ಹಾಗಾದರೆ ಉರಿ ಯಾತಕ್ಕೆ? ಉರಿ ಹೆಂಡತಿಯ ಮೇಲೆಯೇ. ಅದನ್ನು ಒಪ್ಪಿಕೊಳ್ಳಲು ಅವನಿಗೆ ಇನ್ನೂ ನಾಚಿಕೆಯಾಯಿತು.

ಆ ಸೆಪ್ಟೆಂಬರಿನಲ್ಲಿ ಮಾಕ್ವಾಲಾ ಮರ ಹತ್ತಿದಳು. ತರಬೇತಿ ಇಲ್ಲದ ಗಾಯೋಜ್ ಬುಡದಲ್ಲಿ ನಿಂತು ಚೀಲ ಇಳಿಸಿಕೊಂಡ. ತೂಕದ ಗಂಡಸರು ಹೋದರೆ ಮರದ ತುದಿ ಬಾಗುತ್ತಿತ್ತು, ಅವರು ಕೈಚಾಚಿ ಸಿಕ್ಕಷ್ಟು ಕಿತ್ತು ಇಳಿಯುತ್ತಿದ್ದರು. ಹಗುರ ಮೈಯ ಮಾಕ್ವಾಲಾ ಇನ್ನೂ ಮೇಲೆ ಹೋಗಿ, ಕೊನೆಯ ಕಾಯಿಯನ್ನೂ ಬಿಡದೆ ಚೀಲ ತುಂಬುತ್ತಿದ್ದಳು. ತಂಡದ ಮುಖಂಡ ತಾರಿಯೆಲ್ ಒಳ್ಳೆಯ ಮರಗಳನ್ನೆಲ್ಲ ಅವಳಿಗೇ ಹಂಚತೊಡಗಿದ.

ಬುಡದಲ್ಲಿ ಚೀಲದ ಬಾಯಿ ಕಟ್ಟುತ್ತಿದ್ದ ಕೊತ್ಸಿಯಾ ಬಾಯಿ ಕಟ್ಟಿಕೊಂಡು ಕೂರುವ ಮುದುಕನಲ್ಲ. "ಗಾಯೋಜ್, ನಮ್ಮ ಕಾಲದಲ್ಲಿ ಹೆಂಗಸರು ಕೆಳಗಿರೋರು ಕಣಪ್ಪ," ಎಂದ ಒಂದು ದಿನ.

"ನಿನ್ನ ಕಾಲದಲ್ಲಿ ಕೊತ್ಸಿಯಾ, ನಿನ್ನ ಹೆಂಡ್ತಿ ನಿನ್ನ ತಲೆ ಮೇಲಿದ್ಲು. ಊರಿಗೆಲ್ಲ ಗೊತ್ತು."

"ಇದ್ಲಪ್ಪ. ಆದರೆ ಅದಕ್ಕೆ ಅವಳು ಮರ ಹತ್ತಬೇಕಾಗಿರಲಿಲ್ಲ."

ಎಲ್ಲರೂ ನಕ್ಕರು. ಗಾಯೋಜ್ ಕೂಡ ನಕ್ಕ, ಆದರೆ ಆ ದಿನ ಮಧ್ಯಾಹ್ನದ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟ. ಒಳಗೆ ಹಿಟ್ಟು ಬೆಂದಿಲ್ಲ ಎಂದು ಹೆಂಡತಿಯ ಮೇಲೆ ತಪ್ಪು ಹೊರಿಸಿದ. ಸುಗ್ಗಿಯ ಊಟದಲ್ಲಿ ಕೊತ್ಸಿಯಾ ಲೋಟ ಎತ್ತಿ "ಮೇಲೆ ಹೋಗಿ ಕೆಳಗೆ ಬಂದವಳಿಗೆ" ಎಂದಾಗ ಗಾಯೋಜ್ ದ್ರಾಕ್ಷಾರಸವನ್ನು ಮುಟ್ಟದೆ, ಹಸು ಈಯುವ ಹಾಗಿದೆ ಎಂದು ಎದ್ದುಹೋದ. ಹಸು ಈಯಲು ಇನ್ನೂ ಮೂರು ತಿಂಗಳಿತ್ತು.

ಅದಕ್ಕೂ ಮುಂಚೆ ಅವನೊಂದು ಕೆಟ್ಟ ಕೆಲಸ ಮಾಡಿದ್ದ. ಮರದ ಅಂಟಿನಿಂದ ಗಡುಸಾಗಿದ್ದ ಅವಳ ಚರ್ಮದ ಕೈಗವಸುಗಳನ್ನು ಹುಲ್ಲಿನ ಅಟ್ಟದಲ್ಲಿ ಬಚ್ಚಿಟ್ಟ. ಗವಸಿಲ್ಲದಿದ್ದರೆ ಹೋಗಲಾರಳು ಎಂದುಕೊಂಡಿದ್ದ. ಅವಳು ಬರಿಗೈಯಲ್ಲೇ ಹೋದಳು. ಸಂಜೆ ಅಂಗೈಯ ಅಂಟು ತೆಗೆಯಲು ಸೂರ್ಯಕಾಂತಿ ಎಣ್ಣೆ ಹಚ್ಚಿ ಉಜ್ಜಿದಾಗ ಅಂಟಿನ ಜೊತೆ ರಕ್ತವೂ ಬಂತು. ಮರುದಿನ ಗವಸುಗಳು ಬಾಗಿಲ ಬಳಿ ತಾವಾಗಿಯೇ ಕಾಣಿಸಿಕೊಂಡವು. ಅವಳು ಅವಕ್ಕೆ ಅಂಟಿದ್ದ ಹುಲ್ಲುಕಡ್ಡಿ ಕಿತ್ತು ಹಾಕಿ, ತೊಟ್ಟುಕೊಂಡು ಹೋದಳು.

ಚಳಿಗಾಲ ಬಂತು, ಹಿಮ ಬಿದ್ದು ದಾರಿ ಮುಚ್ಚಿತು. ಮಾಕ್ವಾಲಾ ನೆರೆಮನೆಗೆ ಹೋದಾಗ ಗಾಯೋಜ್ ಅವಳ ಹಗ್ಗ, ಪಟ್ಟಿ, ಕೊಕ್ಕೆಗಳನ್ನು ಹೊತ್ತು ಕೊಟ್ಟಿಗೆಗೆ ಹೋಗುತ್ತಿದ್ದ. ಬೇಲಿಯ ಆಚೆ ನಿಂತು ನೋಡಿದ್ದೆಲ್ಲ ಅವನಿಗೆ ನೆನಪಿತ್ತು. ಹೊಟ್ಟೆಕಿಚ್ಚಿನ ಕಣ್ಣಿಗೆ ಕಂಡದ್ದು ಮರೆಯುವುದಿಲ್ಲ. ತೊಲೆಗೆ ಹಗ್ಗ ಕಟ್ಟಿ ಹತ್ತಿದ, ಇಳಿದ. ಮೂಟೆಗೆ ಪಟ್ಟಿ ಹಾಕಿ, ಸಿಕ್ಕಿಕೊಂಡ ಮನುಷ್ಯನನ್ನು ಇಳಿಸುವ ಹಾಗೆ ಅದನ್ನು ಜೊತೆಗಿಟ್ಟುಕೊಂಡು ಇಳಿಸಿದ. ಮುಂದಿನ ವರ್ಷ ಎಲ್ಲರೆದುರಿಗೆ ಇದನ್ನು ಮಾಡಿ ತೋರಿಸಿ, "ಇಷ್ಟೇನಾ ನಿಮ್ಮ ವಿದ್ಯೆ" ಎನ್ನಬೇಕೆಂಬುದು ಅವನ ಲೆಕ್ಕ.

ಒಂದು ದಿನ ಅವನು ತಲೆಕೆಳಗಾಗಿ ನೇತಾಡುತ್ತಿರುವಾಗ ತಾಯಿ ಪೆಪೆಲಾ ಹಾಲಿನ ಪಾತ್ರೆ ಹಿಡಿದು ಒಳಗೆ ಬಂದಳು. ಒಂದು ಗಳಿಗೆ ನಿಂತು ನೋಡಿದಳು.

"ಏನೋ ಮಗಾ, ನೇಣು ಹಾಕ್ಕೊಂಡ್ಯಾ?"

"ಇಲ್ಲಮ್ಮ."

"ಹಾಗಾದ್ರೆ ಇಳಿ. ಹೆದರಿದ ಹಸು ಹಾಲು ಕೊಡಲ್ಲ."

"ಕಾಲು ಸಿಕ್ಕಿಕೊಂಡಿದೆಯಮ್ಮ."

ಪೆಪೆಲಾ ಪಾತ್ರೆ ಕೆಳಗಿಟ್ಟು, ಏಣಿ ತಂದು, ಕಾಲು ಬಿಡಿಸಿದಳು. "ಮಾಕ್ವಾಲಾನ ಕೇಳಿದ್ರೆ ಒಂದು ದಿನದಲ್ಲಿ ಕಲಿಸ್ತಾಳೆ," ಎಂದಳು.

"ಅವಳ ಹತ್ತಿರ ಕಲಿಯೋದಕ್ಕಿಂತ ಹಿಂಗೇ ನೇತಾಡ್ತೀನಿ."

"ನಿಮ್ಮಪ್ಪನೂ ಹಿಂಗೇ," ಎಂದು ಪೆಪೆಲಾ ಹಾಲು ಕರೆಯಲು ಕೂತಳು. "ನಾನು ಅವನಿಗಿಂತ ಜೋರಾಗಿ ಹಾಡ್ತೀನಿ ಅಂತ ಮದುವೆ ಮನೆಗಳಿಗೆ ಹೋಗೋದನ್ನೇ ಬಿಟ್ಟಿದ್ದ."

ವಸಂತದಲ್ಲಿ ಮತ್ತೆ ತರಬೇತಿ ನಡೆಯಿತು. ಗಾಯೋಜ್ ಹೋಗಲಿಲ್ಲ. ಹೋದರೆ ಮಾಕ್ವಾಲಾ ಕಲಿಸುವವರ ಸಾಲಿನಲ್ಲಿ ನಿಂತಿರುತ್ತಿದ್ದಳು. ಹೀಗಾಗಿ ಮುಂದಿನ ಸೆಪ್ಟೆಂಬರಿನಲ್ಲೂ ಅವನು ಬುಡದಲ್ಲೇ ಇದ್ದ.

ಅಂದು ಬೆಳಿಗ್ಗೆ ಮಳೆ ನಿಂತು ಗಾಳಿ ಎದ್ದಿತ್ತು. ಮಾಕ್ವಾಲಾ ಮುಖ್ಯ ಹಗ್ಗವನ್ನು ಕಾಂಡದ ದಪ್ಪ ಭಾಗಕ್ಕೆ ಕಟ್ಟಿ, ಅದರ ಮೇಲಿನ ಸಣ್ಣ ತುದಿಗೆ ಸೊಂಟದಿಂದ ಗಿಡ್ಡ ಪಟ್ಟಿ ಸುತ್ತಿ, ಕಾಯಿಗೆ ಕೈ ಚಾಚಿದಳು. ತುದಿ ಚಟ್ಟನೆ ಮುರಿಯಿತು. ಕೆಳಗಿದ್ದ ಗಾಯೋಜ್‌ಗೆ ಮೊದಲು ಆ ಸದ್ದು ಕೇಳಿಸಿತು, ಆಮೇಲೆ ಕೊಂಬೆಗಳು ಮುರಿಯುವ ಸದ್ದು, ಆಮೇಲೆ ಏನೂ ಇಲ್ಲ. ಹಗ್ಗ ಹಿಡಿದಿತ್ತು. ಅವಳು ಕೊಂಬೆಗಳ ನಡುವೆ ಕಾಂಡದಿಂದ ದೂರ ತೂಗಾಡುತ್ತಿದ್ದಳು, ಒಂದು ತೋಳು ಬೇರೆ ಯಾರದೋ ಎಂಬಂತೆ ಜೋತುಬಿದ್ದಿತ್ತು.

"ತಾರಿಯೆಲ್!" ಎಂದು ಕೊತ್ಸಿಯಾ ಕೂಗಿದ. ತಾರಿಯೆಲ್ ಕೊರಕಲಿನ ಆಚೆ ದಿಬ್ಬದಲ್ಲಿ ಇನ್ನೊಂದು ಮರದ ಮೇಲಿದ್ದ. ಇಳಿದು, ಕೊರಕಲು ದಾಟಿ, ಮತ್ತೆ ಹತ್ತಬೇಕು. ಪಟ್ಟಿಯಲ್ಲಿ ಅಲ್ಲಾಡದೆ ತುಂಬ ಹೊತ್ತು ನೇತಾಡಿದರೆ ರಕ್ತ ಕಾಲಲ್ಲೇ ನಿಂತು ಜೀವಕ್ಕೇ ಅಪಾಯ ಎಂದು ಚಿಚಿಕೊ ಹೇಳಿದ್ದು ಗಾಯೋಜ್‌ಗೆ ಬೇಲಿಯ ಆಚೆಯಿಂದಲೇ ಕೇಳಿಸಿತ್ತು.

ಅವನು ಎರಡು ಕೈಯನ್ನೂ ಕಾಂಡಕ್ಕೆ ಹಚ್ಚಿದ. ಬರಿಗೈಯಲ್ಲಾದರೆ ಈಗಲೇ ಹೋಗಬಹುದಿತ್ತು, ಆದರೆ ಇಬ್ಬರು ಬರುವುದು ಹೇಗೆ? ಕಾಂಡ ಬಿಟ್ಟು ಹಿಂದಕ್ಕೆ ಬಂದು, ಅವಘಡಕ್ಕೆಂದೇ ಬುಡದಲ್ಲಿ ಇಡುವ ಕಿತ್ತಳೆ ಬಣ್ಣದ ಚೀಲ ಬಿಚ್ಚಿದ. ಪಟ್ಟಿ ತೊಟ್ಟು ಬಿಗಿದ, ಟೊಪ್ಪಿ ಹಾಕಿದ. ಕೊತ್ಸಿಯಾ ಹಗ್ಗದ ಸುರುಳಿಯನ್ನು ಅವನ ಹೆಗಲಿಗೆ ಹಾಕಿದ.

ಗಾಯೋಜ್ ಎರಡು ಗಿಡ್ಡ ಪಟ್ಟಿಗಳನ್ನು ಒಂದಾದ ಮೇಲೊಂದು ಮೇಲಕ್ಕೆ ಸರಿಸುತ್ತ ಹತ್ತಿದ. ಒಂದನ್ನು ಬಿಚ್ಚುವ ಮೊದಲು ಇನ್ನೊಂದು ಹಾಕಿರಬೇಕು. ಕೊಂಬೆ ಕೊಂಬೆಗೂ ನಿಲ್ಲಬೇಕಾದ ಈ ಹತ್ತುವಿಕೆ ಅವನ ಮೈಗೆ ಒಗ್ಗುವುದಲ್ಲ. ಅರ್ಧ ದಾರಿಯಲ್ಲಿ ಒದ್ದೆ ತೊಗಟೆಯಿಂದ ಕಾಲು ಜಾರಿ, ಪಟ್ಟಿ ಸೊಂಟವನ್ನು ಹಿಡಿದು ಕುಲುಕಿತು. ಹಿಂದಿನ ಗಾಯೋಜ್ ಆಗಿದ್ದರೆ ಅಲ್ಲಿಂದ ನೇರ ಉಶಾಂಗಿಯಂತೆ ಹಾಸಿಗೆಗೆ. ಅದನ್ನು ಯೋಚಿಸಲು ಹೊತ್ತಿರಲಿಲ್ಲ, ಹತ್ತಿದ.

"ಯಾರು ಬರ್ತಿರೋದು?" ಎಂದಳು ಮಾಕ್ವಾಲಾ. ಮುಖ ಬಿಳಿಚಿತ್ತು, ತುಟಿ ಒಣಗಿತ್ತು.

"ನಾನೇ."

"ನಾನೇ ಅಂದ್ರೆ ಯಾರು? ನೀನು ತರಬೇತಿಗೇ ಬಂದಿಲ್ವಲ್ಲ."

"ಮಾತಾಡಬೇಡ. ಕಾಲು ಆಡಿಸ್ತಾ ಇರು."

ಅವಳ ಮೇಲುಭಾಗದಲ್ಲಿ, ಗಟ್ಟಿ ಕಾಂಡಕ್ಕೆ ತನ್ನ ಹಗ್ಗ ಕಟ್ಟಿದ. ಇಳಿಯುವ ಕೊಂಡಿಗೆ ಹಗ್ಗ ಪೋಣಿಸಿ ಸೊಂಟಕ್ಕೆ ಸಿಕ್ಕಿಸಿದ. ಕಾಲಿನಿಂದ ಅವಳ ಹಗ್ಗವನ್ನು ಹತ್ತಿರಕ್ಕೆ ಸೆಳೆದು, ತಬ್ಬಿ, ಅವಳ ಪಟ್ಟಿಯನ್ನು ತನ್ನ ಪಟ್ಟಿಗೆ ಸೇರಿಸಿದ. ತೋಳು ತಾಗಿ ಅವಳು ನರಳಿದಳು. ಇನ್ನು ಅವಳ ಹಗ್ಗ ಕತ್ತರಿಸುವುದು, ಆಮೇಲೆ ಕಾಂಡಕ್ಕೆ ಹಾಕಿದ ತನ್ನ ಗಿಡ್ಡ ಪಟ್ಟಿ ಬಿಚ್ಚುವುದು, ಅಷ್ಟೇ. ಚಾಕು ತೆಗೆದ.

"ತಡಿ," ಎಂದಳು ಮಾಕ್ವಾಲಾ.

"ಏನು?"

"ಕೊಂಡೀಲಿ ಹಗ್ಗ ಉಲ್ಟಾ ಹಾಕಿದೀಯ. ಹಿಡಿಯಲ್ಲ ಅದು. ಸೀದಾ ನೆಲಕ್ಕೆ ಹೋಗ್ತೀವಿ."

ಗಾಯೋಜ್ ನೋಡಿದ. ನಿಜ. ಕೊಟ್ಟಿಗೆಯಲ್ಲಿ ಒಂದು ಸಲವೂ ಆಗದ ತಪ್ಪು. ಆ ಎತ್ತರದಲ್ಲಿ, ಹೆಂಡತಿಯ ತೋಳು ಕೀಲು ತಪ್ಪಿ ಜೋತಾಡುತ್ತಿರುವಾಗಲೂ, ಅವನ ಹೊಟ್ಟೆಯಲ್ಲಿ ಅದೇ ಹಳೆಯ ಕಿಚ್ಚು ಭಗ್ಗೆಂದಿತು: ಇಲ್ಲೂ ಇವಳೇ. ಅರೆಪ್ರಜ್ಞೆಯಲ್ಲೂ ಇವಳ ಕಣ್ಣು ನನ್ನ ಕಣ್ಣಿಗಿಂತ ಚುರುಕು.

ಹಗ್ಗ ತೆಗೆದು ಸರಿಯಾಗಿ ಹಾಕಿದ.

"ಎಳೆದು ನೋಡು," ಎಂದಳು.

ಎಳೆದು ನೋಡಿದ.

"ಈಗ ಕತ್ತರಿಸು."

ಕತ್ತರಿಸಿ, ಗಿಡ್ಡ ಪಟ್ಟಿ ಬಿಚ್ಚಿದ. ಇಬ್ಬರ ಭಾರಕ್ಕೆ ಹಗ್ಗ ಕಿರುಗುಟ್ಟಿ ನಿಂತಿತು. ಅವಳ ತಲೆಯನ್ನು ಎದೆಗೆ ಒತ್ತಿಕೊಂಡು, ಬೆನ್ನಿನಿಂದ ಕೊಂಬೆಗಳನ್ನು ತಳ್ಳುತ್ತ, ರಾಚಾದವನಿಗೆ ತಕ್ಕ ನಿಧಾನದಲ್ಲಿ ಇಳಿದ. ನೆಲ ಸಿಕ್ಕುವಷ್ಟರಲ್ಲಿ ತಾರಿಯೆಲ್ ಏದುಸಿರು ಬಿಡುತ್ತ ಬಂದು ಮುಟ್ಟಿದ. ಅವಳನ್ನು ಕಂಬಳಿಯಲ್ಲಿ ಹೊತ್ತು ಗಾಡಿಗೆ ಹಾಕಿದರು. ಪಟ್ಟಣದ ಆಸ್ಪತ್ರೆಯಲ್ಲಿ ಕೀಲು ಕೂರಿಸಿದರು. ಭುಜದ ಒಳಗೆ ಹರಿದಿದ್ದ ನರ ಮಾತ್ರ ಮೊದಲಿನಂತಾಗಲಿಲ್ಲ.

ಊರಿನ ಹೆಂಗಸರು ರೊಟ್ಟಿ, ಹೊಗೆಗೆ ಕಟ್ಟಿದ ಹಂದಿಮಾಂಸ, ದ್ರಾಕ್ಷಿ ಹೊತ್ತು ಮಾಕ್ವಾಲಾಳನ್ನು ನೋಡಲು ಬಂದರು. ಪ್ರತಿಯೊಬ್ಬಳೂ, "ತೋಳು ಮುರಿದುಕೊಂಡೂ ಗಂಡನ ತಪ್ಪು ತಿದ್ದಿದಳಂತಲ್ಲ" ಎಂದೇ ಹೇಳಿದಳು. ಆ ಸುದ್ದಿ ಹೊರಗೆ ಹೋಗಿದ್ದು ಹೇಗೆಂದು ಗಾಯೋಜ್‌ಗೆ ತಿಳಿಯಲಿಲ್ಲ. ಮೇಲೆ ಇದ್ದವರು ಇಬ್ಬರೇ, ಅವನಂತೂ ಹೇಳಿರಲಿಲ್ಲ.

ಒಂದು ಮಧ್ಯಾಹ್ನ ಇಬ್ಬರೂ ಜಗಲಿಯಲ್ಲಿ ಕೂತಿದ್ದರು. ಅವಳ ಕೈ ಕೊರಳಿಗೆ ಕಟ್ಟಿದ ಬಟ್ಟೆಯಲ್ಲಿದ್ದುದರಿಂದ ಬೀನ್ಸ್ ಸುಲಿಯುವ ಕೆಲಸ ಅವನದು.

"ನಿನ್ನ ಕಂಡ್ರೆ ನಂಗೆ ಹೊಟ್ಟೆ ಉರೀತಿತ್ತು," ಎಂದ ಅವನು, ಕಾಳಿನ ಮೇಲೆ ಕಣ್ಣಿಟ್ಟು.

"ಗೊತ್ತು."

"ಎಷ್ಟು ಅಂತ ನಿಂಗೆ ಗೊತ್ತಿಲ್ಲ."

"ಮರ ಹತ್ತೋಳಿಗೆ ಗವಸು ಎಲ್ಲಿ ಹೋಯ್ತು ಅಂತ ಗೊತ್ತಾಗಲ್ವಾ? ಈಗ ಹೇಗಿದೆ ಉರಿ?"

ಅವನು ಯೋಚಿಸಿದ. ಸುಳ್ಳು ಹೇಳಬಹುದಿತ್ತು. "ಈಗ್ಲೂ ಇದೆ," ಎಂದ.

ಮಾಕ್ವಾಲಾ ನಕ್ಕಳು, ಭುಜ ನೊಂದು ನಗು ಅರ್ಧಕ್ಕೆ ನಿಂತಿತು. "ಇರಲಿ ಬಿಡು. ಆ ಉರಿ ಇಲ್ದೆ ಇದ್ರೆ ನೀನು ಕೊಟ್ಟಿಗೇಲಿ ನೇತಾಡ್ತಿರಲಿಲ್ಲ. ಅತ್ತೆ ಅವತ್ತೇ ಹೇಳಿದ್ರು. ಆದರೆ ವಸಂತಕ್ಕೆ ತರಬೇತಿಗೆ ಹೋಗು. ಉಲ್ಟಾ ಹಗ್ಗ ಹಾಕೋ ಗಂಡನ್ನ ಇಟ್ಕೊಂಡು ನಾನು ಊರಲ್ಲಿ ತಲೆ ಎತ್ತೋದು ಹೇಗೆ?"

ಅವನು ಹೋದ. ಹುಡುಗರ ಜೊತೆ ಸಾಲಿನಲ್ಲಿ ನಿಂತು, ಚಿಚಿಕೊ ಹೇಳಿದ ಗಂಟನ್ನು ಚಿಚಿಕೊ ಹೇಳಿದಷ್ಟು ಸಲ ಹಾಕಿ ಬಿಚ್ಚಿದ. ಆ ಸೆಪ್ಟೆಂಬರಿನಲ್ಲಿ ಮತ್ತೆ ಮರ ಹತ್ತಿದ.

ಮಾಕ್ವಾಲಾಳ ತೋಳು ಭುಜಕ್ಕಿಂತ ಮೇಲೆ ಏಳಲಿಲ್ಲ, ಹಾಗಾಗಿ ಅವಳು ತುದಿಗೆ ಹೋಗುವುದು ಅಲ್ಲಿಗೆ ಮುಗಿಯಿತು. ಅದರ ದುಃಖ ಅವಳಿಗಿತ್ತು. ಒಳ್ಳೆಯ ಕಾಯಿ ಬಿಟ್ಟ ಮರ ಕಂಡರೆ ತುದಿ ನೋಡುತ್ತ ನಿಂತುಬಿಡುತ್ತಿದ್ದಳು. ತಂಡದವರು ಅವಳಿಗೆ ಬುಡದ ಕೆಲಸ ಕೊಟ್ಟರು: ಹತ್ತುವವರ ಪಟ್ಟಿ, ಕೊಕ್ಕೆ, ಹಗ್ಗಗಳನ್ನು ಅವಳು ಮುಟ್ಟಿ ಎಳೆದು ನೋಡಿ "ಹೋಗು" ಎನ್ನದೆ ಯಾರೂ ನೆಲ ಬಿಡುವಂತಿಲ್ಲ. ಯಾರಿಗೂ ಬಗ್ಗದ ಗಂಡಸರೂ ಅವಳೆದುರು ಕೈ ಎತ್ತಿ ನಿಲ್ಲುತ್ತಿದ್ದರು. ಅಂದಿನಿಂದ ಇಂದಿನವರೆಗೆ ಆ ತಂಡದಲ್ಲಿ ಒಬ್ಬರೂ ಬಿದ್ದಿಲ್ಲ.

ಗಾಯೋಜ್‌ನ ಪಟ್ಟಿಯನ್ನು ಅವಳು ಒಂದೇ ಸಲ ಜೋರಾಗಿ ಎಳೆದು, ಬೆನ್ನಿಗೊಂದು ಗುದ್ದಿ ಕಳಿಸುತ್ತಾಳೆ. ತಾರಿಯೆಲ್‌ನದಾದರೆ ಮುಂದೆ ನೋಡಿ, ಹಿಂದೆ ನೋಡಿ, ಕೊಕ್ಕೆ ತಿರುಗಿಸಿ ನೋಡಿ ಬಿಡುತ್ತಾಳೆ. ಮೊದಲ ಕೊಂಬೆಯ ಮೇಲೆ ಕೂತ ಗಾಯೋಜ್ ಪಟ್ಟಿ ಸರಿಸುವ ನೆಪದಲ್ಲಿ ಅದನ್ನೆಲ್ಲ ಗಮನಿಸುತ್ತಾನೆ. ತಾರಿಯೆಲ್‌ನ ಪಟ್ಟಿ ಹಳೆಯದು, ನೋಡಲೇಬೇಕು, ಅದು ಅವನಿಗೆ ಗೊತ್ತು. ಆದರೂ ಇಷ್ಟು ಹೊತ್ತೇ ಎಂದು ಗೊಣಗಿಕೊಂಡು, ಮೇಲಿನ ಕೊಕ್ಕೆ ಹಾಕಿ, ಕೆಳಗಿನದನ್ನು ಬಿಚ್ಚುತ್ತಾನೆ.