ಡಬ್ಬಿಯ ತಳದ ಹನ್ನೆರಡು ಪದಗಳು

ನಮ್ಮ ಮನೆಯವರು ಜೀವವಿಮೆ ಏಜೆಂಟರು. ಬಳ್ಳಾರಿಯಿಂದ ಹಿಡಿದು ಸಿರುಗುಪ್ಪ, ಕುರುಗೋಡಿನ ತನಕ ಇವರು ಕೂರದ ಕಟ್ಟೆಯಿಲ್ಲ, ಕುಡಿಯದ ಚಹಾ ಇಲ್ಲ. ಯಾರ ಮನೆಗೆ ಹೋದರೂ ಯಜಮಾನನಿಗೆ ಇವರು ಹೇಳುವ ಮೊದಲ ಮಾತು ಒಂದೇ: "ಸಾಹುಕಾರ್ರ, ಪಾಲಿಸಿ ಎಲ್ಲಿ ಇಟ್ಟೀರಿ ಅಂತ ನಿಮ್ಮ ಮನಿಯಾಕಿಗೆ ಗೊತ್ತಿರ್ಲಿ. ನಾಳಿ ನೀವು ಇರ್ತೀರೋ ಇಲ್ಲೋ!" ಇಂಥ ಅಪಶಕುನದ ಮಾತನ್ನು ನಗುನಗುತ್ತ ಆಡಿ, ಸಹಿ ಹಾಕಿಸಿಕೊಂಡು, ಮೇಲೊಂದು ಕ್ಯಾಲೆಂಡರು ಕೊಟ್ಟು ಬರುವ ಕಲೆ ಇವರಿಗೆ ಒಲಿದಿದೆ. ಮನೆಯಲ್ಲಿ ಮಾತ್ರ ಆ ಕಲೆಯ ಪ್ರದರ್ಶನ ಇಲ್ಲ. ಗಾಂಧಿನಗರದ ನಮ್ಮ ಮನೆಯ ಬೀರುವಿನ ಒಳಖಾನೆಯ ಕೀಲಿ ಎಲ್ಲಿರುತ್ತದೆ ಎಂದು ಇವರು ಇವತ್ತಿಗೂ ನನಗೆ ಹೇಳಿಲ್ಲ. ನಾನೇ ಹುಡುಕಿಕೊಂಡಿದ್ದೇನೆ, ಆ ಮಾತು ಬೇರೆ.

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಮೋಕಾ ಊರಿನಲ್ಲಿ ನನ್ನವ್ವ ನನ್ನ ಹೆಸರಿಗೆ ಮಾಡಿಸಿದ್ದ ಒಂದು ಸೈಟಿತ್ತು. ಅದನ್ನು ಮಾರಿದಾಗ ಬಂದ ದುಡ್ಡು ಬ್ಯಾಂಕಿನಲ್ಲಿರಲಿ ಎಂದು ನಾನು, ಬ್ಯಾಂಕಿನಲ್ಲಿ ದುಡ್ಡು ನಿದ್ದೆ ಹೊಡೆಯುತ್ತದೆ ಎಂದು ಇವರು. ತಿಂಗಳುಗಟ್ಟಲೆ ಇದೇ ಪುರಾಣ. ಕೊನೆಗೆ ನನಗೂ ಸಾಕಾಗಿ ಹೂಂ ಅಂದೆ. ಅವ್ವನ ಸೈಟಿನ ಅರ್ಧ ದುಡ್ಡು ಬಿಟ್‌ಕಾಯಿನ್ ಆಯಿತು. ಮೊದಲು ಅದು ಇವರ ಮೊಬೈಲಿನ ಯಾವುದೋ ಆ್ಯಪಿನಲ್ಲಿತ್ತು. ಅಂಥದ್ದೊಂದು ಆ್ಯಪು ಎಲ್ಲಿಯೋ ರಾತ್ರೋರಾತ್ರಿ ಬಾಗಿಲು ಹಾಕಿತಂತೆ ಎಂಬ ಸುದ್ದಿ ಕೇಳಿದ ಮೇಲೆ ಇವರು ಊಟ ಬಿಟ್ಟರು. ವಾರದೊಳಗೆ ಕೊರಿಯರಿನಲ್ಲಿ ಎರಡು ಪುಟ್ಟ ಪೆಟ್ಟಿಗೆ ಬಂದವು.

ಒಂದೊಂದರಲ್ಲೂ ಹೆಬ್ಬೆರಳಿನ ಗಾತ್ರದ ಒಂದು ಯಂತ್ರ, ಎರಡು ಗುಂಡಿ, ನಾಣ್ಯದಷ್ಟು ಅಗಲದ ಪರದೆ. ಬಿಟ್‌ಕಾಯಿನ್ ಕಾಯುವ ಹಾರ್ಡ್‌ವೇರ್ ವ್ಯಾಲೆಟ್ ಎಂದು ಪರಿಚಯ ಮಾಡಿಕೊಟ್ಟರು. ಯಾರೋ ಬಳಸಿದ್ದನ್ನು ಅಗ್ಗವೆಂದು ಕೊಳ್ಳಬಾರದು, ತಯಾರಿಸಿದವರಿಂದಲೇ ತರಿಸಬೇಕು, ಸೀಲು ಒಡೆದಿರಬಾರದು ಎಂದು ಪಾಠವಾಯಿತು. ಎರಡು ಯಾಕೆ ಎಂದರೆ, ಒಂದು ಕೆಟ್ಟರೆ ಇನ್ನೊಂದು ಇರಲಿ ಅಂತ. ಮನೆಗೆ ಹೊಸ ವಸ್ತು ಬಂದಿದೆಯೆಂದು ನಾನು ಅರಿಶಿನ ಕುಂಕುಮದ ಬಟ್ಟಲು ಹಿಡಿದು ಬಂದರೆ, "ಏ ಏ, ಸ್ಕ್ರೀನಿಗೆ ಹಚ್ಚಿಗಿಚ್ಚೀಯ!" ಎಂದು ಕೂಸನ್ನು ಅವುಚಿಕೊಂಡಂತೆ ಅವುಚಿಕೊಂಡರು.

ಆ ಯಂತ್ರದೊಳಗೆ ದುಡ್ಡು ಇರುವುದಿಲ್ಲವಂತೆ. ಇರುವುದು ಬರೀ ಕೀಲಿ. ಮೊದಲ ಸಲ ಚಾಲೂ ಮಾಡಿದಾಗ ಅದು ಹನ್ನೆರಡು ಇಂಗ್ಲಿಷ್ ಪದಗಳನ್ನು ತೋರಿಸುತ್ತದೆ. ಯಂತ್ರ ಕಳೆದರೂ, ಕಾಲಿಗೆ ಸಿಕ್ಕು ಪುಡಿಯಾದರೂ, ಆ ಪದಗಳನ್ನು ಅದೇ ಕ್ರಮದಲ್ಲಿ ಇನ್ನೊಂದು ಯಂತ್ರಕ್ಕೆ ಕೊಟ್ಟರೆ ಎಲ್ಲ ವಾಪಸು ಬರುತ್ತದೆ. ಪದ ಯಾರ ಹತ್ತಿರವೋ ದುಡ್ಡು ಅವರದು. ಅದಕ್ಕೇ ಅದರ ಫೋಟೋ ತೆಗೆಯಬಾರದು, ಮೊಬೈಲಿನಲ್ಲಿ ಬರೆದಿಡಬಾರದು, ಯಾರಿಗೂ ಹೇಳಬಾರದು.

"ಯಾರಿಗೂ ಅಂದ್ರ?" ಎಂದೆ.

"ಯಾರಿಗೂ ಅಂದ್ರ ಯಾರಿಗೂ."

"ನನ್ನ ದುಡ್ಡಲ್ರೀ ಅದು?"

"ಅದಕ್ಕ ಹೇಳಾಕತ್ತೀನಿ. ನಿನ್ನ ದುಡ್ಡು ಭದ್ರ ಇರ್ಬೇಕಂದ್ರ ಅದು ನಿನಗೂ ಗೊತ್ತಿರ್ಬಾರ್ದು."

ಹೀಗೆ ಹೇಳಿ ಕೋಣೆಯ ಬಾಗಿಲು ಹಾಕಿಕೊಂಡರು. ನನ್ನ ಅವ್ವನ ಸೈಟು ಒಳಗೆ, ನಾನು ಹೊರಗೆ. ಸಿಟ್ಟು ನೆತ್ತಿಗೇರಿತ್ತು, ಮಕ್ಕಳ ಪೇಪರು ತಿದ್ದುತ್ತ ಕೂತವಳು ಅವತ್ತು ಸಂಧಿ ತಪ್ಪು ಬಿಡಿಸಿದವರಿಗೆಲ್ಲ ಸೊನ್ನೆ ಕೊಟ್ಟೆ.

ಆಮೇಲೆ ಏನು ಮಾಡಿದರೆಂದು ನನಗೆ ತಿಳಿದದ್ದು ಬಹಳ ತಡವಾಗಿ. ಕಾಗದದಲ್ಲಿ ಬರೆದರೆ ಗೆದ್ದಲು ತಿನ್ನುತ್ತದೆ, ಬೆಂಕಿಗೆ ಸುಡುತ್ತದೆ, ಲೋಹದ ಮೇಲೆ ಕೊರೆಸಿಡುವುದು ಉತ್ತಮ ಎಂದು ಎಲ್ಲಿಯೋ ಓದಿದರಂತೆ. ಅದಕ್ಕೆಂದೇ ಪರದೇಶದವರು ಮಾರುವ ಉಕ್ಕಿನ ಪಟ್ಟಿಯ ಬೆಲೆ ಕೇಳಿ ಎದೆ ಹಿಡಿದುಕೊಂಡರಂತೆ. ಬಳ್ಳಾರಿಯಲ್ಲಿ ಹುಟ್ಟಿದವನಿಗೆ ಉಕ್ಕಿನ ಮೇಲೆ ಅಕ್ಷರ ಕೊರೆಸುವುದನ್ನು ಹೊರದೇಶದವರು ಹೇಳಿಕೊಡಬೇಕೆ? ನೇರ ಪಾತ್ರೆ ಬಜಾರಿಗೆ ಹೋಗಿ, ಮುಚ್ಚಳ ಬಿಗಿಯಾದ ದೊಡ್ಡದೊಂದು ಸ್ಟೀಲಿನ ಡಬ್ಬಿ ಕೊಂಡು, ಮದುವೆ ಪಾತ್ರೆಗಳಿಗೆ ಹೆಸರು ಹಾಕುವವನ ಮುಂದೆ ಕೂತು, ತಳದಲ್ಲಿ ಚುಕ್ಕಿ ಚುಕ್ಕಿಯಾಗಿ ಹನ್ನೆರಡನ್ನೂ ಹಾಕಿಸಿಕೊಂಡು ಬಂದರು. ಅದೂ ಕನ್ನಡ ಲಿಪಿಯಲ್ಲಿ. ಕಳ್ಳರು ಬರುವುದು ರಷ್ಯಾದಿಂದ, ಅವರಿಗೆ ಕನ್ನಡ ಓದಲು ಬರುವುದಿಲ್ಲ ಎಂಬುದು ಇವರ ಮುಂದಾಲೋಚನೆ. ಹೆಸರು ಹಾಕುವವನು, "ಸಾರ್, ಇವು ಯಾರ್ ಹೆಸರ್ರಿ?" ಎಂದು ಕೇಳಿದ್ದಕ್ಕೆ, "ಮಕ್ಕಳಿಗೆ ಇಂಗ್ಲಿಷ್ ಕಲಿಸಾಕ" ಎಂದರಂತೆ. ಅಂದರೆ ಹೆಂಡತಿಗೆ ಹೇಳಬಾರದ್ದನ್ನು ಪಾತ್ರೆ ಅಂಗಡಿಯಲ್ಲಿ ಕೂತು ಒಂದೊಂದಾಗಿ, ನಿಧಾನವಾಗಿ, ಗಟ್ಟಿಯಾಗಿ ಹೇಳಿ ಬಂದಿದ್ದರು.

ಆ ಡಬ್ಬಿಯನ್ನು ಅಟ್ಟದ ಮೇಲೆ ನನ್ನ ಪಾತ್ರೆಗಳ ನಡುವೆ ಬಚ್ಚಿಟ್ಟರು. ಪಾತ್ರೆಗಳ ನಡುವೆ ಪಾತ್ರೆಯನ್ನು ಯಾರು ಹುಡುಕುತ್ತಾರೆ? ಹುಡುಕುವವಳು ಆ ಮನೆಯಲ್ಲಿ ಒಬ್ಬಳಿದ್ದಾಳೆ ಎಂಬುದು ಮಾತ್ರ ತಲೆಗೆ ಹೊಳೆಯಲಿಲ್ಲ.

ನಾಗರ ಪಂಚಮಿ ಬಂತು. ನಮ್ಮ ಕಡೆ ಪಂಚಮಿಗೆ ತವರಿನಿಂದ ಹೆಣ್ಣುಮಕ್ಕಳಿಗೆ ಉಂಡಿ ಹೋಗಲೇಬೇಕು. ಇವರ ಅಕ್ಕ ಇರುವುದು ಸಿರುಗುಪ್ಪದಲ್ಲಿ. ಇವರು ಅವತ್ತು ಬಾದನಹಟ್ಟಿಯಲ್ಲಿ ಯಾರಿಗೋ ನಾಳೆಯ ಭಯ ಹುಟ್ಟಿಸಲು ಹೋಗಿದ್ದರು. ಅಕ್ಕನ ಗಂಡ ಆಸ್ಪತ್ರೆಯ ಕೆಲಸಕ್ಕೆ ಬಳ್ಳಾರಿಗೆ ಬಂದವರು ಮನೆಗೂ ಬಂದರು. ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿಟ್ಟಿನ ಉಂಡಿ ಎಲ್ಲ ಹಿಡಿಸುವಂಥ ಡಬ್ಬಿ ಬೇಕಿತ್ತು. ಅಟ್ಟಕ್ಕೆ ಕೈ ಹಾಕಿದೆ. ಹೊಸ ಡಬ್ಬಿ, ಒಳ್ಳೆಯ ಮುಚ್ಚಳ. ಯಾರೋ ಉಡುಗೊರೆ ಕೊಟ್ಟದ್ದಿರಬೇಕು ಎಂದುಕೊಂಡು ತುಂಬಿ ಕಳಿಸಿದೆ. ತಳ ತಿರುವಿ ನೋಡುವ ಅಭ್ಯಾಸ ನನಗಿಲ್ಲ.

ದೀಪಾವಳಿ ಕಳೆದು ಒಂದು ಭಾನುವಾರ, ಇವರಿಗೆ ಯಂತ್ರ ತೆರೆದು ನೋಡಬೇಕೆನಿಸಿತು. ಅದಕ್ಕೊಂದು ಪಿನ್ ನಂಬರು. ಹುಟ್ಟಿದ ದಿನ, ಮದುವೆ ದಿನ ಇಡಬೇಡಿ ಎಂದು ಓದಿದ್ದರೂ ಮದುವೆಯ ದಿನವನ್ನೇ ಇಟ್ಟಿದ್ದರು. ಕಾರಣವನ್ನೂ ಆಮೇಲೆ ಹೇಳಿದರು: "ನನಗ ನೆನಪಿರೋದಿಲ್ಲ, ಕಳ್ಳಗ ಹೆಂಗ ಗೊತ್ತಾಗ್ತೈತಿ?" ಲೆಕ್ಕ ಸರಿಯಾಗಿಯೇ ಇತ್ತು. ಇವರಿಗೆ ನೆನಪಾಗಲಿಲ್ಲ. ಮೂರು ಸಲ ತಪ್ಪು ಒತ್ತಿದಾಗ, ಕಳ್ಳನ ಕೈಗೆ ಸಿಕ್ಕಿದ್ದೇನೆಂದು ತಿಳಿದ ಯಂತ್ರ ತನ್ನೊಳಗಿನದನ್ನೆಲ್ಲ ಅಳಿಸಿಕೊಂಡು ಕೂತಿತು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ನನ್ನನ್ನು ಒಂದು ಮಾತು ಕೇಳಿದ್ದರೆ ತಾರೀಖಿನ ಜತೆ ಮುಹೂರ್ತವನ್ನೂ ಹೇಳುತ್ತಿದ್ದೆ.

ಇವರು ಗಾಬರಿಯಾಗಲಿಲ್ಲ. ಪದಗಳಿದ್ದವಲ್ಲ! ಸಿಳ್ಳೆ ಹಾಕುತ್ತ ಅಟ್ಟಕ್ಕೆ ಏಣಿ ಹಾಕಿದರು. ಸ್ವಲ್ಪ ಹೊತ್ತಿಗೆ ಸಿಳ್ಳೆ ನಿಂತಿತು. ಆಮೇಲೆ ಪಾತ್ರೆಗಳು ಬೀಳತೊಡಗಿದವು.

"ಏ, ಇಲ್ಲಿದ್ದ ಡಬ್ಬಿ ಎಲ್ಲೈತಿ?"

"ಯಾವ ಡಬ್ಬಿ?"

"ಹೊಸಾದು. ಹೆಸರು ಹಾಕಿಸಿದ್ದು."

"ಯಾರ ಹೆಸರು?"

ಏಣಿಯ ಮೇಲೆ ನಿಂತೇ ಇವರು ಲೆಕ್ಕ ಹಾಕಿದರು. ಹೇಳಿದರೆ ಗುಟ್ಟು ಹೋಗುತ್ತದೆ, ಹೇಳದಿದ್ದರೆ ದುಡ್ಡು ಹೋಗುತ್ತದೆ. ಕೊನೆಗೆ ಕೆಳಗಿಳಿದು, ಅಡುಗೆಮನೆಯ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದರು. ಅವ್ವ ಹಾಲು ಮಾರಿ ಕೂಡಿಸಿ ಮಾಡಿದ್ದ ಸೈಟು ಸಿರುಗುಪ್ಪದಲ್ಲಿ ಯಾರದೋ ಅಡುಗೆಮನೆಯ ಹಲಗೆಯ ಮೇಲಿತ್ತು, ಅದನ್ನು ಉಂಡಿ ತುಂಬಿ ಕಳಿಸಿದವಳು ನಾನೇ.

"ಇಷ್ಟು ದಿನ ಆತು, ಅಕ್ಕ ಆ ಡಬ್ಬಿ ಯಾಕ ವಾಪಸ್ ಕಳಿಸಿಲ್ಲ?" ಎಂದು ಇವರು ಅಕ್ಕನ ಮೇಲೆ ಹರಿಹಾಯ್ದರು. ಖಾಲಿ ಡಬ್ಬಿಯನ್ನು ಯಾರಾದರೂ ವಾಪಸು ಕಳಿಸುತ್ತಾರೆಯೇ? ಅದರಲ್ಲಿ ಹಾಕಿ ಕೊಡುವಂಥದ್ದು ಏನಾದರೂ ಒದಗುವ ತನಕ ಅದು ಹೋದ ಮನೆಯಲ್ಲೇ ಇರುತ್ತದೆ. ಇಷ್ಟೂ ತಿಳಿಯದ ಮನುಷ್ಯ ನನಗೆ ಭದ್ರತೆಯ ಪಾಠ ಹೇಳಿದ್ದರು.

ಎರಡೂ ಯಂತ್ರಗಳನ್ನು ಪಾಲಿಸಿ ಚೀಲಕ್ಕೆ ಹಾಕಿಕೊಂಡು ಹೊರಟೆವು. ಸಿರುಗುಪ್ಪ ಮುಟ್ಟುವ ತನಕ ರಸ್ತೆಯ ಎರಡೂ ಕಡೆ ಕೊಯ್ಲಿಗೆ ಬಂದ ಭತ್ತ. ದಾರಿಯುದ್ದಕ್ಕೂ ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದು ಬೇಡ.

ಅಕ್ಕ ನಮ್ಮನ್ನು ನೋಡಿ ಹಿಗ್ಗಿದರು. ಡಬ್ಬಿ ಎಂದಕೂಡಲೇ ನಾಚಿಕೊಂಡರು. "ಹೊಸ ಅಕ್ಕಿ ಬರ್ಲಿ, ತುಂಬಿ ಕೊಟ್ಟು ಕಳಿಸೋಣಂತ ಇಟ್ಟಿದ್ದೆ ನೋಡವ್ವ. ಅಷ್ಟ್ರಾಗ ಕುರುಗೋಡಿನಿಂದ ಮಗಳು ಬಂದ್ಲು, ಅದನ್ನ ಒಯ್ದ್ಲು. ಒಂದು ಡಬ್ಬಿ ಸಲುವಾಗಿ ಇಷ್ಟು ದೂರ ಬಂದೀರೇನು?" ಎಂದು ಮಗಳಿಗೆ ಫೋನು ಹಚ್ಚಿ ನನ್ನ ಕೈಗೆ ಕೊಟ್ಟರು.

"ಐತಿ ಅತ್ತಿ," ಎಂದಳು ಆ ಹುಡುಗಿ. "ಕೆಳಗ ರೈಸ್ ಅಂತ ಬರದೈತಲ್ಲ, ಅಕ್ಕಿ ಡಬ್ಬಿ ಅಂತ ಅಕ್ಕಿ ಹಾಕೀನಿ. ಅದರ ಜೋಡಿ ಇನ್ನೂ ಏನೇನೋ ಬರದೈತಿ. ಅದೇ ಹೌದಿಲ್ಲೋ ನೋಡ್ರಿ, ಫೋಟೋ ಕಳಸ್ತೀನಿ."

ಬೇಡವೆನ್ನುವುದರೊಳಗೆ ಫೋನು ಇಟ್ಟಳು. ಇವರ ಮೊಬೈಲು, ನನ್ನ ಮೊಬೈಲು, ಅಕ್ಕನ ಮೊಬೈಲು ಮೂರೂ ಒಟ್ಟಿಗೆ ಟಿಂಗ್ ಎಂದವು. ಫೋಟೋ ಬಂದದ್ದು ನಮ್ಮ ಇಡೀ ವಂಶದ ಗ್ರೂಪಿಗೆ. ಡಬ್ಬಿಯ ತಳ, ಕಿಟಕಿಯ ಬೆಳಕಿನಲ್ಲಿ, ಹನ್ನೆರಡೂ ಪದ ಕಣ್ಣಿಗೆ ಹೊಡೆಯುವಂತೆ. ಕೆಳಗೆ, "ಇದಾ ಡಬ್ಬಿ ಮಾಮ?"

ಇವರು ಫೋನು ಮಾಡಿ ಅಳಿಸು ಅಳಿಸು ಎಂದು ಕೂಗಿದರು. ಆ ಹುಡುಗಿ ಗಾಬರಿಯಾಗಿ ಅಳಿಸಿದಳು. ಆದರೆ ಒತ್ತಿದ್ದು 'ನನಗೆ ಮಾತ್ರ' ಎಂಬುದನ್ನು. ಅವಳಿಗೆ ಕಾಣದಾಯಿತು, ಉಳಿದವರಿಗೆಲ್ಲ ಶಾಶ್ವತವಾಯಿತು. ಅಷ್ಟರಲ್ಲಿ ಹೆಬ್ಬೆರಳುಗಳು, ಕೈಮುಗಿದ ಚಿತ್ರಗಳು ಬೀಳತೊಡಗಿದ್ದವು. ಆದೋನಿಯ ಚಿಕ್ಕಮ್ಮ, "ಡಬ್ಬಿ ಚೊಲೋ ಐತಿ, ಎಲ್ಲಿ ತಗೊಂಡ್ರಿ?" ಎಂದು ಕೇಳಿದ್ದರು. ಸೊಂಡೂರಿನ ದೊಡ್ಡಪ್ಪ ಹೂವಿನ ಚಿತ್ರ ಹಾಕಿ ಶುಭೋದಯ ಎಂದಿದ್ದರು. ಹೆಂಡತಿಗೆ ಗೊತ್ತಾಗಬಾರದೆಂದಿದ್ದ ಗುಟ್ಟು ಗೊತ್ತಿಲ್ಲದವರನ್ನು ಈಗ ಬಂಧುಬಳಗದಲ್ಲಿ ಹುಡುಕಬೇಕಿತ್ತು.

ಆದರೆ ಪದಗಳು ಸಿಕ್ಕಿದ್ದವು. ಅಕ್ಕನ ಮನೆಯ ಪಡಸಾಲೆಯಲ್ಲಿ ಕೂತು, ಕನ್ನಡಕ ಏರಿಸಿ, ಫೋಟೋ ನೋಡುತ್ತ ಇವರು ಆ ಪದಗಳನ್ನು ಖಾಲಿಯಾಗಿದ್ದ ಯಂತ್ರಕ್ಕೆ ಒಂದೊಂದೇ ಒತ್ತತೊಡಗಿದರು. ಮೊಬೈಲಿಗೆ ಒತ್ತಬಾರದಂತೆ, ಯಂತ್ರದ ಗುಂಡಿಯಲ್ಲೇ ಒತ್ತಬೇಕಂತೆ. ಈಗಲೂ ನಿಯಮ! ಒಂಬತ್ತನೆಯ ಪದಕ್ಕೆ ಕೈ ನಿಂತಿತು. ಡಬ್ಬಿಯ ತಳದಲ್ಲಿ 'ರೈಟ್' ಎಂದಿತ್ತು.

"ಯಾವ ರೈಟ್ ಇದು?" ಎಂದು ತಮಗೆ ತಾವೇ ಕೇಳಿಕೊಂಡರು. ಇಂಗ್ಲಿಷಿನಲ್ಲಿ ಸರಿ ಎನ್ನುವುದೂ ರೈಟ್, ಬರೆಯುವುದೂ ರೈಟ್. ಯಂತ್ರದ ಪಟ್ಟಿಯಲ್ಲಿ ಎರಡೂ ಇದ್ದವು. ರಷ್ಯಾದ ಕಳ್ಳನಿಗೆ ಒಡ್ಡಿದ ಕನ್ನಡದ ಕೋಟೆಯಲ್ಲಿ ಇವರೇ ಸಿಕ್ಕಿಬಿದ್ದಿದ್ದರು.

"ಬಸ್ಸಿನವರು ರೈಟ್ ರೈಟ್ ಅಂತಾರಲ್ಲ, ಅದಾ?" ಎಂದರು ಅಕ್ಕ, ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತು.

ಇವರು ಸರಿ ಎನ್ನುವ ರೈಟನ್ನೇ ಹಾಕಿದರು. ಹನ್ನೆರಡೂ ಮುಗಿದ ಮೇಲೆ ಯಂತ್ರ ಒಪ್ಪಲಿಲ್ಲ.

"ಬರಿಯೋ ರೈಟ್ ಹಾಕ್ರಿ," ಎಂದೆ. "ನೀವು ಸರಿ ಅಂದದ್ದು ಯಾವತ್ತು ಸರಿ ಆಗೇತಿ?"

ಮತ್ತೆ ಮೊದಲಿನಿಂದ ಒತ್ತಿದರು. ಪರದೆ ಮಿನುಗಿತು, ಯಂತ್ರ ಒಪ್ಪಿತು. ಅವ್ವನ ಸೈಟು ಇದ್ದಲ್ಲೇ ಇತ್ತು. ಅಕ್ಕನಿಗೆ ಏನೂ ತಿಳಿಯದಿದ್ದರೂ ನಮ್ಮ ಮುಖ ನೋಡಿ, "ಆತಲ್ಲ? ಇನ್ನ ಉಪ್ಪಿಟ್ಟು ತಿನ್ರಿ" ಎಂದರು. ನನ್ನ ಕಣ್ಣಲ್ಲಿ ನೀರು ಬಂದಿತ್ತು, ಹಸಿಮೆಣಸಿನಕಾಯಿಯ ಮೇಲೆ ಹಾಕಿದೆ.

ಆದರೆ ಕೆಲಸ ಮುಗಿದಿರಲಿಲ್ಲ. ಊರಿಗೆಲ್ಲ ಗೊತ್ತಾದ ಪದಗಳನ್ನು ನಂಬಿ ಇರಲಾಗುವುದಿಲ್ಲ. ಎರಡನೆಯ ಯಂತ್ರದಲ್ಲಿ ಹೊಸ ಪದಗಳನ್ನು ಹುಟ್ಟಿಸಿ, ಮೊದಲು ಒಂದಿಷ್ಟು ದುಡ್ಡು ಸಾಗಿಸಿ, ಸರಿಯಾಗಿ ಮುಟ್ಟಿತೆಂದು ನೋಡಿ, ಆಮೇಲೆ ಉಳಿದದ್ದನ್ನೆಲ್ಲ ಅತ್ತ ಸಾಗಿಸಬೇಕಂತೆ. ಇವರು ಹೊಸ ಪೆಟ್ಟಿಗೆಯ ಸೀಲು ಒಡೆದರು. ಅಕ್ಕ ಒಳಗೆ ಚಹಾಕ್ಕೆ ಇಟ್ಟಿದ್ದರು. ಇನ್ನು ನನಗೆ ತಡೆಯಲಾಗಲಿಲ್ಲ.

"ಒಂದು ಮಾತು ಕೇಳ್ತೀನಿ. ಈ ನಡುವ ನಿಮಗ ಏನರ ಆಗಿದ್ರ ನಾ ಏನ್ ಮಾಡ್ಬೇಕಿತ್ತು? ಡಬ್ಬಿ ಮನಿಯಾಗ ಇದ್ರೂ ನನಗ ಏನ್ ತಿಳೀತಿತ್ತು?"

ಈ ಪ್ರಶ್ನೆಯನ್ನು ಎಷ್ಟೋ ಮನೆಗಳಲ್ಲಿ ತಾವೇ ಕೇಳಿ, ಉತ್ತರವನ್ನೂ ತಾವೇ ಕೊಟ್ಟು ಬಂದವರು ಇವರು. ಈಗ ಯಂತ್ರವನ್ನು ಅಂಗೈಯಲ್ಲಿ ಹೊರಳಿಸುತ್ತ ಕೂತರು.

"ಕಳ್ಳ ಬರ್ತಾನ ಅನ್ಕೊಂಡೆ," ಎಂದರು. "ಬೆಂಕಿ ಬೀಳ್ತೈತಿ, ಗೆದ್ದಲ ಹತ್ತತೈತಿ, ಎಲ್ಲಾ ಅನ್ಕೊಂಡೆ. ನಾ ಸಾಯ್ತೀನಿ ಅಂತ ಮಾತ್ರ ಅನ್ಕೊಂಡಿರ್ಲಿಲ್ಲ ನೋಡು."

ಅದು ಸುಳ್ಳಾಗಿರಲಿಲ್ಲ. ತಾಲೂಕಿಗೆ ತಾಲೂಕೇ ಸಾಯುತ್ತದೆ, ಕ್ಲೇಮು ಮಾಡಿಸಿಕೊಡಲು ತಾವೊಬ್ಬರು ಉಳಿದಿರುತ್ತೇವೆ ಎಂದೇ ಇವರು ನಂಬಿದ್ದರು. ಬೇರೆ ಹೊತ್ತಿನಲ್ಲಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ.

"ಬರ್ಕೋ," ಎಂದರು. "ನೀನೇ ಬರ್ಕೋ. ನಾ ಹೇಳ್ತೀನಿ."

ನನ್ನ ಚೀಲದಿಂದ ಪೆನ್ನು ತೆಗೆದೆ. ಇವರು ಪರದೆಯನ್ನು ಕಣ್ಣ ಹತ್ತಿರ ಹಿಡಿದು, ಒಂದೊಂದು ಅಕ್ಷರ ಬಿಡಿಸಿ, ಮೊದಲನೆಯ ಪದ ಹೇಳಿದರು. ಇದು ಬೇಕೆಂದು ಇಷ್ಟು ದಿನ ಜಗಳ ಕಾದವಳು ನಾನು. ಪೆನ್ನು ಕಾಗದಕ್ಕೆ ಮುಟ್ಟಿದಾಗ ತಿಳಿಯಿತು, ಈ ಪದಗಳು ನನ್ನ ಕೆಲಸಕ್ಕೆ ಬರುವ ದಿನ ಇವುಗಳನ್ನು ಹೀಗೆ ಬಿಡಿಸಿ ಹೇಳಲು ಇವರು ಇರುವುದಿಲ್ಲ. ಕೈ ಮುಂದಕ್ಕೆ ಹೋಗಲಿಲ್ಲ.

"ಯಾಕ, ಕೇಳಿಸ್ಲಿಲ್ಲೇನು?" ಎಂದರು.

"ಕೇಳಿಸ್ತು," ಎಂದೆ. "ಇನ್ನೊಮ್ಮೆ ಹೇಳ್ರಿ."